ಕಿವುಡ ವಿದ್ಯಾರ್ಥಿಯ ಕೊಲೆ: ತನಿಖೆ ಎಲ್ಲಿ ದಾರಿ ತಪ್ಪುತ್ತದೆ

ಹಾಸ್ಟೆಲಿನಲ್ಲಿ ಕೊಲೆಯಾದರೆ ಪಕ್ಕದ ಕೋಣೆಯವರಿಗೆ ಪೊಲೀಸರು ಹಾಕುವ ಮೊದಲ ಪ್ರಶ್ನೆ, ‘ರಾತ್ರಿ ಏನಾದರೂ ಸದ್ದು ಕೇಳಿಸಿತಾ?’ ಸತ್ತವನೂ ಕಿವುಡ, ಪಕ್ಕದವರೂ ಕಿವುಡರು ಎಂದಾಗ ಹತ್ತು ಕೋಣೆಗಳಿಂದಲೂ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ವರದಿಯಲ್ಲಿ ಅದು ‘ಯಾರೂ ಏನನ್ನೂ ಗಮನಿಸಿಲ್ಲ’ ಎಂದಾಗಿಬಿಡುತ್ತದೆ. ಕೇಳಿಸದಿರುವುದಕ್ಕೂ ಗಮನಿಸದಿರುವುದಕ್ಕೂ ಅಜಗಜಾಂತರ. ಅದೇ ಹತ್ತು ಜನರನ್ನು ‘ನೆಲ ಅದುರಿತಾ? ಮಂಚ ಗೋಡೆಗೆ ಬಡಿದ ಹಾಗೆ ಅನ್ನಿಸಿತಾ? ಎದುರು ಕಿಟಕಿಯಲ್ಲಿ ದೀಪ ಆರಿ ಮತ್ತೆ ಹೊತ್ತಿತಾ? ಬಾಗಿಲ ಕೆಳಗಿನ ಸಂದಿಯಲ್ಲಿ ನೆರಳು ಹಾದುಹೋಯಿತಾ?’ ಎಂದು ಕೇಳಿ ನೋಡಿ. ಮರದ ನೆಲದ ಕಟ್ಟಡವಾಗಿದ್ದರೆ ಮೇಲಿನ ಮಹಡಿಯಲ್ಲಿ ಯಾರೋ ಬಿದ್ದದ್ದು ಕೆಳಗೆ ಮಲಗಿದವನ ಮೈಗೆ ಗೊತ್ತಾಗಿರುತ್ತದೆ. ಕಾಂಕ್ರೀಟಾದರೆ ಅಷ್ಟಿಲ್ಲ, ಆದರೂ ಗೋಡೆಗೆ ತಾಗಿಸಿದ ಮಂಚ ಅದುರನ್ನು ಸಾಗಿಸುತ್ತದೆ. ಹಾಗಾಗಿ ಯಾರ ಮಂಚ ಯಾವ ಗೋಡೆಗೆ ತಾಗಿದೆ ಎಂಬ ನಕ್ಷೆಯನ್ನು ಮೊದಲ ದಿನವೇ ಬರೆದುಕೊಳ್ಳಬೇಕು.

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಪದ ಪ್ರಶ್ನಿಸುವುದಕ್ಕೂ ಸಲ್ಲುತ್ತದೆ, ಆಲಿಸುವುದಕ್ಕೂ ಸಲ್ಲುತ್ತದೆ. ಇಂಥ ಪ್ರಕರಣದಲ್ಲಿ ಅವೆರಡನ್ನೂ ಬಿಡಿಸಿಟ್ಟುಕೊಳ್ಳುವುದೇ ಪತ್ತೇದಾರನ ಅರ್ಧ ಕೆಲಸ. ರಕ್ತದ ಕಲೆ, ಬೆರಳಚ್ಚು, ಡಿಎನ್‌ಎ ಇವೆಲ್ಲ ಎಲ್ಲ ಕೊಲೆಗಳ ಹಾಗೇ. ಬೇರೆಯಾಗುವುದು ಎರಡು ಕಡೆ: ಕೋಣೆಯನ್ನು ಕಣ್ಣು ಮತ್ತು ಅದುರಿನ ಲೆಕ್ಕದಲ್ಲಿ ಓದುವುದು, ಭಾಷೆಯನ್ನೂ ಒಂದು ಭೌತಿಕ ಸಾಕ್ಷ್ಯದಂತೆ ಕೆಡದ ಹಾಗೆ ಕಾಪಾಡುವುದು. ಎರಡನೆಯದರಲ್ಲೇ ಹೆಚ್ಚು ತಪ್ಪಾಗುವುದು.

ಕೋಣೆ

‘ಬಾಗಿಲು ಒಡೆದ ಗುರುತಿಲ್ಲ, ಆದ್ದರಿಂದ ಬಂದವನು ಪರಿಚಿತ’ ಎಂಬ ಮಾಮೂಲಿ ತೀರ್ಮಾನವನ್ನು ಇಲ್ಲಿ ಸಡಿಲಿಸಬೇಕು. ಕದ ತಟ್ಟಿ ಪ್ರಯೋಜನವಿಲ್ಲದ ಕಡೆ ಸ್ನೇಹಿತರಿಗೆ ಒಂದು ಕೀಲಿ ಕೊಟ್ಟಿರುವುದು, ಬಾಗಿಲಿಗೆ ಚಿಲಕ ಹಾಕದೆ ಬಿಡುವುದು ಉಂಟು. ಬೆನ್ನು ಮಾಡಿ ಕುಳಿತವನಿಗೆ ಬಾಗಿಲು ತೆರೆದದ್ದೇ ಗೊತ್ತಾಗದಿರಬಹುದು. ಆದ್ದರಿಂದ ಕುರ್ಚಿ ಯಾವ ಕಡೆಗೆ ಮುಖ ಮಾಡಿತ್ತು, ಮೇಜಿನ ಮೇಲೆ ಬಾಗಿಲು ಕಾಣುವಂತೆ ಕನ್ನಡಿ ಇತ್ತೇ, ಅದು ಜಾಗದಲ್ಲೇ ಇದೆಯೇ ಎಂಬುದು ಮಹಜರಿನಲ್ಲಿ ಬರಲೇಬೇಕು.

ಬಾಗಿಲ ಗಂಟೆಗೆ ಇಲ್ಲಿ ಸದ್ದಿನ ಬದಲು ಮಿನುಗುವ ದೀಪವಿರುತ್ತದೆ. ಹೊರಗಿನ ಗುಂಡಿ ಒತ್ತಿದರೆ ಒಳಗೆ ದೀಪ ಮಿನುಗುತ್ತದೆ. ಗುಂಡಿಯ ಮೇಲೆ ಹತ್ತು ಜನರ ಬೆರಳು ಒಂದರ ಮೇಲೊಂದು ಬಿದ್ದಿರುವುದರಿಂದ ಅಚ್ಚು ಸಿಗುವುದು ಕಷ್ಟ. ಆದರೂ ಪುಡಿ ಹಾಕುವ ಮೊದಲು ಹತ್ತಿಯ ಕಡ್ಡಿಯಲ್ಲಿ ಒರೆಸಿ ಡಿಎನ್‌ಎಗೆ ಕಳಿಸಬೇಕು. ಸಾಧಾರಣ ಗಂಟೆ ಯಾವ ದಾಖಲೆಯನ್ನೂ ಇಡುವುದಿಲ್ಲ. ಫೋನಿಗೆ ಜೋಡಿಸಿದ್ದಾದರೆ ಪ್ರತಿ ಒತ್ತಿಗೂ ಸಮಯ ಬರೆದಿಟ್ಟಿರುತ್ತದೆ.

ದೀಪದ ಸ್ವಿಚ್ಚಂತೂ ಬಹಳ ಮುಖ್ಯ. ಕಿವಿ ಕೇಳುವವನ ಬಾಯಿ ಮುಚ್ಚುವುದೂ ಒಂದೇ, ಕಿವುಡನ ಕೋಣೆಯ ದೀಪ ಆರಿಸುವುದೂ ಒಂದೇ. ಕತ್ತಲಾದರೆ ಅವನು ಯಾರಿಗೂ ಏನೂ ಹೇಳಲಾರ, ಎದುರಿನವನು ಏನು ಹೇಳುತ್ತಿದ್ದಾನೆಂದೂ ತಿಳಿಯಲಾರ. ಮೊದಲು ಒಳಹೊಕ್ಕವರು ದೀಪ ಹಾಕಿದರೆ ಆ ಮಾಹಿತಿ ಹೋದಂತೆಯೇ. ವಾರ್ಡನ್ ಇರಲಿ, ಆಂಬುಲೆನ್ಸಿನವರಿರಲಿ, ‘ನೀವು ಬಂದಾಗ ದೀಪ ಉರಿಯುತ್ತಿತ್ತಾ, ನೀವೇ ಹಾಕಿದಿರಾ?’ ಎಂದು ಅದೇ ಗಂಟೆಯಲ್ಲಿ ಕೇಳಿ ಬರೆದುಕೊಳ್ಳಬೇಕು. ಮರುದಿನಕ್ಕೆ ಯಾರಿಗೂ ನೆನಪಿರುವುದಿಲ್ಲ.

ಹಾಸಿಗೆಯಡಿ ಒಂದು ಚಪ್ಪಟೆ ಬಿಲ್ಲೆ ಇರಬಹುದು. ಅಲಾರಂ ಹೊಡೆದಾಗ ಹಾಸಿಗೆಯನ್ನೇ ಅಲುಗಿಸುವ ಸಾಧನ ಅದು. ಅದರ ಗಡಿಯಾರ ಎಷ್ಟು ಗಂಟೆಗೆ ಇಟ್ಟಿದೆ, ಅಲಾರಂ ಚಾಲೂ ಇದೆಯೇ, ಕೈಯಿಂದ ನಿಲ್ಲಿಸಿದ್ದೇ, ತಾನಾಗಿ ನಿಂತದ್ದೇ? ಕೆಲವು ಗಡಿಯಾರಗಳು ಒಂದಷ್ಟು ಹೊತ್ತು ಅದುರಿ ತಾವೇ ಸುಮ್ಮನಾಗುತ್ತವೆ. ಅದಕ್ಕೇ ಮಾದರಿ ಸಂಖ್ಯೆ ನೋಡಿ ಅದೇ ಮಾದರಿಯ ಇನ್ನೊಂದನ್ನು ತಂದು ಪರೀಕ್ಷಿಸಬೇಕು. ಬೆಳಗಿನ ಆರೂವರೆಯ ಅಲಾರಂ ಕೈಯಿಂದ ನಿಂತಿದ್ದರೆ ಆ ಹೊತ್ತಿನಲ್ಲಿ ಆ ಕೋಣೆಯಲ್ಲಿ ಜೀವಂತ ಕೈಯೊಂದು ಇತ್ತು ಎಂದರ್ಥ. ಅದು ಸತ್ತವನದೇ ಆಗಿರಬೇಕೆಂದಿಲ್ಲ. ಕೈಗಡಿಯಾರದ ಅದುರಿನಲ್ಲಿ ಏಳುವ ಅಭ್ಯಾಸವಿದ್ದರೆ ಇನ್ನೂ ಒಳ್ಳೆಯದು. ರಾತ್ರಿಯಿಡೀ ಮಣಿಕಟ್ಟಿನಲ್ಲಿದ್ದ ಸ್ಮಾರ್ಟ್‌ವಾಚ್ ನಾಡಿಬಡಿತ ಯಾವಾಗ ನಿಂತಿತೆಂದು ಬರೆದಿಟ್ಟಿರುತ್ತದೆ. ಆದರೆ ವಾಚ್ ಕಳಚಿದರೂ ಬಡಿತ ‘ನಿಂತಂತೆ’ ಕಾಣುತ್ತದೆ. ಚಲನೆಯ ದಾಖಲೆಯ ಪಕ್ಕದಲ್ಲಿಟ್ಟು ಓದದಿದ್ದರೆ ಮೋಸಹೋಗುವುದು ಖಂಡಿತ.

ಕಿವಿಯಲ್ಲಿದ್ದದ್ದು, ಡಬ್ಬಿಯಲ್ಲಿದ್ದದ್ದು

‘ಕಿವುಡ’ ಎಂದೊಡನೆ ಏನೂ ಕೇಳದವನು ಎಂದುಕೊಳ್ಳುವುದು ಇನ್ನೊಂದು ಎಡವಟ್ಟು. ಮಾತುಕತೆಯ ಸದ್ದು ಸುಮಾರು 60 ಡೆಸಿಬೆಲ್. 70 ಡೆಸಿಬೆಲ್ ನಷ್ಟವಿರುವವನಿಗೆ ಸಾಧನವಿಲ್ಲದೆ ಮಾತು ಕೇಳದು, ಆದರೆ ಬಾಗಿಲು ದಢಾರನೆ ಬಡಿದದ್ದು ಕೇಳಬಹುದು. ಸತ್ತವನದಷ್ಟೇ ಅಲ್ಲ, ಮುಖ್ಯ ಸಾಕ್ಷಿಗಳ ಶ್ರವಣ ಪರೀಕ್ಷೆಯ ನಕ್ಷೆಯನ್ನೂ ಅವರ ಒಪ್ಪಿಗೆಯಿಂದ ತರಿಸಿಕೊಳ್ಳಬೇಕು. ‘ಅವರಿಗೆ ಹೇಗೂ ಕೇಳಿಸಿರಲಿಕ್ಕಿಲ್ಲ’ ಎಂದು ಸಾಕ್ಷಿಯೊಬ್ಬರನ್ನು ಬಿಟ್ಟುಬಿಡಲು ಆಗ ನೆಪವಿರುವುದಿಲ್ಲ.

ಹಿಯರಿಂಗ್ ಏಡ್ ಎಲ್ಲಿತ್ತು ಎಂಬುದು ಗಂಟೆಯ ಮುಳ್ಳಿನಷ್ಟು ಉಪಯೋಗದ ಸುಳಿವು. ಮಲಗುವಾಗ, ಸ್ನಾನಕ್ಕೆ ಹೋಗುವಾಗ ಅದನ್ನು ತೆಗೆದಿಡುತ್ತಾರೆ. ಕಿವಿಯಲ್ಲೇ ಇದ್ದರೆ ಬಹುಪಾಲು ಎಚ್ಚರವಿದ್ದ. ಒಣಗಿಸುವ ಡಬ್ಬಿಯಲ್ಲಿ ಅಥವಾ ಚಾರ್ಜರಿನಲ್ಲಿ ಇದ್ದರೆ ಮಲಗಿದ್ದ ಅಥವಾ ಮಲಗಲು ಹೊರಟಿದ್ದ. ಒಂದು ಕಿವಿಯದು ಮಂಚದಡಿ, ಇನ್ನೊಂದು ಕಿವಿಯದು ಕಿವಿಯಲ್ಲೇ ಎಂದಾದರೆ ಹೊಡೆತ ಬಿದ್ದ ಬದಿ ಯಾವುದೆಂದು ಶವಪರೀಕ್ಷೆಗೆ ಮೊದಲೇ ಒಂದು ಅಂದಾಜು ಸಿಗುತ್ತದೆ. ಚಾಲೂ ಇರುವ ಏಡ್ ಕಿವಿಯಿಂದ ಸರಿದರೆ ಕೀಚಲು ಸಿಳ್ಳೆ ಹೊಡೆಯುತ್ತದೆ. ತನ್ನ ಸದ್ದನ್ನು ತಾನೇ ಹಿಡಿದು ಮತ್ತೆ ದೊಡ್ಡದು ಮಾಡುವುದರಿಂದ ಹಾಗಾಗುತ್ತದೆ. ಮೊದಲು ಬಂದವರಿಗೆ ಕಿವಿ ಕೇಳುವುದಾದರೆ ‘ಸಣ್ಣ ಸಿಳ್ಳೆಯ ಸದ್ದು ಇತ್ತಾ?’ ಎಂದು ಅವರನ್ನು ಕೇಳಬೇಕು.

ಮುಟ್ಟುವ ಮೊದಲು ಫೋಟೊ. ಏಡಿನ ಬ್ಯಾಟರಿ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ, ಅದರ ದೀಪ ಹೊತ್ತಿದೆಯೋ ಇಲ್ಲವೋ. ಏಡಿಗೆ ಹಾಕುವ ಜಿಂಕ್-ಏರ್ ಬ್ಯಾಟರಿಯ ಅಂಟುಪಟ್ಟಿ ತೆಗೆದ ಕ್ಷಣದಿಂದ ಗಾಳಿ ಒಳಹೋಗಿ ಅದು ಖರ್ಚಾಗತೊಡಗುತ್ತದೆ. ಸಣ್ಣ ಗಾತ್ರದವು ಒಂದು ವಾರದ ಆಸುಪಾಸು ಬರುತ್ತವೆ. ಕಸದ ಬುಟ್ಟಿಯಲ್ಲಿ ಆ ಪಟ್ಟಿ ಸಿಕ್ಕಿತೆಂದರೆ ಇತ್ತೀಚೆಗೆ ಬದಲಾಯಿಸಿದ್ದಾನೆ. ಪಟ್ಟಿಯ ಬಣ್ಣ ಗಾತ್ರಕ್ಕೆ ತಕ್ಕಂತೆ: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಸತ್ತವನ ಏಡ್ 312ರದು, ಕೋಣೆಯಲ್ಲಿ ಸಿಕ್ಕ ಪಟ್ಟಿ ಕಿತ್ತಳೆ ಎಂದರೆ ಅಲ್ಲಿಗೆ ಬೇರೊಬ್ಬ ಏಡ್ ಧರಿಸುವವನು ಬಂದುಹೋಗಿರಬಹುದು. ಬುಟ್ಟಿಯ ಕಸವನ್ನು ಸುಮ್ಮನೆ ಚೀಲಕ್ಕೆ ಸುರಿಯುವ ಪೇದೆಗೆ ಇದು ತಿಳಿದಿರುವುದಿಲ್ಲ.

ಏಡಿನ ಒಳಗೂ ಒಂದು ಲೆಕ್ಕಪುಸ್ತಕ ಇರುತ್ತದೆ: ದಿನಕ್ಕೆ ಸರಾಸರಿ ಎಷ್ಟು ತಾಸು ಬಳಕೆ, ಎಂಥ ಸದ್ದಿನ ನಡುವೆ ಎಂದು. ಅದು ಸರಾಸರಿಯೇ ಹೊರತು ‘ರಾತ್ರಿ 11.40ಕ್ಕೆ ಆರಿತು’ ಎಂದು ಹೇಳುವ ಗಡಿಯಾರವಲ್ಲ. ಕಥೆಗಾರರು ಇಲ್ಲಿ ಜಾರುವುದುಂಟು. ಓದಲು ಶ್ರವಣತಜ್ಞರೇ ಬೇಕು, ಓದುವಾಗ ಪರದೆಯನ್ನು ಪೂರ್ತಿ ವಿಡಿಯೊ ಮಾಡಬೇಕು. ಹೊಸದಾಗಿ ‘ಸೇವ್’ ಒತ್ತಿದರೆ ಹಳೆಯ ಲೆಕ್ಕ ಅಳಿಸಿಹೋಗುವ ಅಪಾಯವಿರುವುದರಿಂದ ಉಳಿಸದೆ ಹೊರಬರಬೇಕು. ಶಸ್ತ್ರಚಿಕಿತ್ಸೆಯಿಂದ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶ್ರವಣ ಸಾಧನದ ಹೊರಗಿನ ಪ್ರೊಸೆಸರ್ ತಲೆಗೆ ಅಯಸ್ಕಾಂತದಿಂದ ಅಂಟಿಕೊಂಡಿರುತ್ತದೆ, ಎಳೆದಾಟದಲ್ಲಿ ಮೊದಲು ಬೀಳುವುದು ಅದೇ. ಒಳಗಿನ ಭಾಗಕ್ಕೆ ಸರಣಿ ಸಂಖ್ಯೆ ಇರುತ್ತದೆ. ಮುಖ ಗುರುತು ಸಿಗದ ಶವವನ್ನು ಅದರಿಂದ ಗುರುತಿಸಬಹುದು. ಕಿವಿಯ ಅಚ್ಚಿಗೆ ಮಾಡಿಸಿದ ಮೋಲ್ಡ್ ಕೂಡ ಇನ್ನೊಬ್ಬರ ಕಿವಿಗೆ ಸರಿಯಾಗಿ ಕೂರುವುದಿಲ್ಲ.

ಶವದ ಕೈಗಳ ವಿಷಯ ಬೇಗ ಹೇಳಿ ಮುಗಿಸಬಹುದು. ಎರಡೂ ಕೈಗೆ ಕಾಗದದ ಚೀಲ, ಪ್ಲಾಸ್ಟಿಕ್ ಬೇಡ, ಒಳಗೆ ಬೆವೆತು ಉಗುರಿನಡಿಯ ಸಾಕ್ಷ್ಯ ಹಾಳಾಗುತ್ತದೆ. ಮಣಿಕಟ್ಟಿನ ಕಂದುಗಾಯವನ್ನು ಬರೀ ‘ಹೋರಾಟದ ಗುರುತು’ ಎಂದು ಬರೆದು ಬಿಡಬಾರದು. ಕಿವುಡನ ಮಣಿಕಟ್ಟು ಹಿಡಿಯುವುದೆಂದರೆ ಅವನ ಬಾಯಿ ಮುಚ್ಚಿದಂತೆ. ಹಾಗೆ ಹಿಡಿಯಬೇಕೆಂದು ಹೊಳೆದವನು ಸಂಜ್ಞೆ ಭಾಷೆ ಬಲ್ಲವನೋ ಎಂಬುದು ಒಂದು ಪ್ರಶ್ನೆ. ಅದನ್ನೇ ಉತ್ತರವೆಂದು ಹಿಡಿಯುವ ಹಾಗಿಲ್ಲ.

ದುಭಾಷಿ

ಈಗ ಕಷ್ಟದ ಭಾಗ. ಕೊಲೆ ನಡೆದ ಕ್ಯಾಂಪಸ್ಸಿನಲ್ಲಿ ಸಂಜ್ಞೆ ಬಲ್ಲವರು ಸಾಲುಗಟ್ಟಿ ಸಿಗುತ್ತಾರೆ: ರೂಮ್‌ಮೇಟ್, ಅಧ್ಯಾಪಕಿ, ವಾರ್ಡನ್, ತರಗತಿಯ ದುಭಾಷಿ. ಅವಸರದಲ್ಲಿ ಯಾರನ್ನೋ ಕರೆದು ‘ಸ್ವಲ್ಪ ಹೇಳಿಕೊಡಿ’ ಎನ್ನುವುದೇ ಮೊದಲ ಹಾನಿ. ಅವರಲ್ಲಿ ಪ್ರತಿಯೊಬ್ಬರೂ ಸಾಕ್ಷಿಯಾಗಬಹುದು, ಕೆಲವರು ಶಂಕಿತರೂ ಆಗಬಹುದು. ದುಭಾಷಿ ಹೊರಗಿನಿಂದ ಬರಬೇಕು, ಸತ್ತವನ ತರಗತಿಯಲ್ಲಿ ಕೆಲಸ ಮಾಡಿರಬಾರದು, ಸತ್ತವನ ಗೆಳೆಯರಿಗೆ ದುಭಾಷಿಯಾದವರೇ ಶಂಕಿತನಿಗೂ ಆಗಬಾರದು. ಒಬ್ಬರು ಸಾಲದು, ಇಬ್ಬರು ಬೇಕು. ಸುಮಾರು 20 ನಿಮಿಷಕ್ಕೊಮ್ಮೆ ಬದಲಾಗದಿದ್ದರೆ ದಣಿದ ತಲೆ ಪದ ನುಂಗತೊಡಗುತ್ತದೆ, ನುಂಗಿದ್ದು ನುಂಗಿದವರಿಗೇ ಗೊತ್ತಾಗುವುದಿಲ್ಲ.

ಯಾವ ಸಂಜ್ಞೆ ಭಾಷೆ ಎಂದು ಮೊದಲೇ ವಿಚಾರಿಸಬೇಕು. ಜಗತ್ತಿಗೆಲ್ಲ ಒಂದೇ ಸಂಜ್ಞೆ ಎಂಬುದು ಕೇಳುವವರ ಭ್ರಮೆ. ಅಮೆರಿಕದವರೂ ಬ್ರಿಟನ್ನಿನವರೂ ಓದುವುದು ಒಂದೇ ಇಂಗ್ಲಿಷ್, ಆದರೆ ಅವರ ಸಂಜ್ಞೆ ಭಾಷೆಗಳು ಒಬ್ಬರದೊಬ್ಬರಿಗೆ ಅರ್ಥವಾಗುವುದಿಲ್ಲ. ಅಮೆರಿಕದ್ದು ಫ್ರಾನ್ಸಿನದಕ್ಕೆ ನಂಟು. ಅಕ್ಷರಗಳನ್ನು ಬಿಡಿಸುವಾಗ ಅಮೆರಿಕದವರು ಒಂದು ಕೈ ಬಳಸಿದರೆ ಬ್ರಿಟನ್ನಿನವರು ಎರಡೂ ಕೈ ಬಳಸುತ್ತಾರೆ. ಹೊರದೇಶದಿಂದ ಬಂದ ವಿದ್ಯಾರ್ಥಿ ಗಾಬರಿಯಲ್ಲಿ ತನ್ನ ಊರಿನ ಸಂಜ್ಞೆಗೇ ಜಾರುತ್ತಾನೆ. ಅಂಥವರಿಗೆ, ತಡವಾಗಿ ಭಾಷೆ ಕಲಿತವರಿಗೆ, ಕಿವುಡರೇ ಆಗಿರುವ ಇನ್ನೊಬ್ಬ ದುಭಾಷಿ ನಡುವೆ ಬೇಕು. ಕಿವಿ ಕೇಳುವ ದುಭಾಷಿಯ ಸಂಜ್ಞೆಯನ್ನು ಆ ಕಿವುಡ ದುಭಾಷಿ ಸಾಕ್ಷಿಗೆ ನಾಟುವಂತೆ ತಿರುಗಿಸುತ್ತಾರೆ. ಸರಪಳಿ ಉದ್ದವಾಗುತ್ತದೆ ನಿಜ, ಆದರೆ ಸೋರಿಕೆ ಕಡಿಮೆಯಾಗುತ್ತದೆ.

ಕೂರುವ ವ್ಯವಸ್ಥೆ ಹೀಗಿರಲಿ. ಸಾಕ್ಷಿಯ ಎದುರು ಅಧಿಕಾರಿ, ಅವರ ಪಕ್ಕದಲ್ಲಿ ತುಸು ಹಿಂದಕ್ಕೆ ದುಭಾಷಿ. ದುಭಾಷಿಯ ಬೆನ್ನಿಗೆ ಕಿಟಕಿ ಇರಬಾರದು, ಬೆಳಕು ಹಿಂದಿನಿಂದ ಬಿದ್ದರೆ ಕೈ ಬರೀ ನೆರಳಾಗುತ್ತದೆ. ಮೈಬಣ್ಣಕ್ಕಿಂತ ಬೇರೆ ಎದ್ದು ಕಾಣುವ, ಗೀರಿಲ್ಲದ ಅಂಗಿ. ಅಧಿಕಾರಿ ನೋಡಬೇಕಾದ್ದು ಸಾಕ್ಷಿಯ ಮುಖವನ್ನು, ಮಾತಾಡಬೇಕಾದ್ದು ಸಾಕ್ಷಿಯೊಡನೆ. ‘ಅವನು ಎಲ್ಲಿದ್ದ ಕೇಳಿ’ ಎನ್ನಬಾರದು, ‘ನೀವು ಎಲ್ಲಿದ್ದಿರಿ’ ಎನ್ನಬೇಕು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಎಂಬ ಸರದಿಯ ಅನುವಾದವೇ ಇಲ್ಲಿ ಸರಿ. ಜೊತೆಜೊತೆಗೇ ಅನುವಾದಿಸಿದರೆ ವೇಗ ಹೆಚ್ಚು, ತಪ್ಪೂ ಹೆಚ್ಚು. ಮಾಮೂಲಿ ವಿಚಾರಣೆಯ ಎರಡರಷ್ಟು ಸಮಯ ಇಟ್ಟುಕೊಳ್ಳಿ.

ಕೋಣೆಗೆ ಗಾಜಿನ ಬಾಗಿಲಿದ್ದರೆ ಮುಚ್ಚಬೇಕು. ಹೊರಗೆ ಬೆಂಚಿನ ಮೇಲೆ ಸರದಿ ಕಾಯುವ ಸಾಕ್ಷಿಗಳು ಒಳಗಿನ ಹೇಳಿಕೆಯನ್ನು ಗಾಜಿನ ಮೂಲಕ ಅಕ್ಷರಶಃ ಓದುತ್ತಿರುತ್ತಾರೆ. ಸದ್ದು ಹೊರಗೆ ಹೋಗದ ಕೋಣೆ ಎಂದು ನಿಶ್ಚಿಂತೆಯಿಂದಿದ್ದ ಅಧಿಕಾರಿಗೆ, ನಾಲ್ಕನೆಯ ಸಾಕ್ಷಿಯ ಹೇಳಿಕೆ ಮೊದಲನೆಯದರ ಪಡಿಯಚ್ಚಿನಂತೆ ಬಂದಾಗ ‘ಎಲ್ಲರೂ ಒಂದೇ ಹೇಳುತ್ತಿದ್ದಾರೆ, ನಿಜವೇ ಇರಬೇಕು’ ಎನ್ನಿಸುತ್ತದೆ!

ಚಿತ್ರೀಕರಣಕ್ಕೆ ಕಡಿಮೆಯೆಂದರೆ ಎರಡು ಕ್ಯಾಮೆರಾ. ಒಂದು ಸಾಕ್ಷಿಯ ಮೇಲೆ, ತಲೆಯಿಂದ ಸೊಂಟದವರೆಗೆ, ಚಾಚಿದ ಮೊಣಕೈಯೂ ಚೌಕಟ್ಟಿನೊಳಗೆ. ಇನ್ನೊಂದು ದುಭಾಷಿಯ ಮೇಲೆ, ಯಾಕೆಂದರೆ ಪ್ರಶ್ನೆ ಯಾವ ರೂಪದಲ್ಲಿ ಸಾಕ್ಷಿಗೆ ತಲುಪಿತೆಂಬುದು ಅಲ್ಲಿ ಮಾತ್ರ ಇರುತ್ತದೆ. ಬರೀ ಧ್ವನಿಮುದ್ರಣ ಮಾಡಿದರೆ ಕಡತದಲ್ಲಿ ಉಳಿಯುವುದು ದುಭಾಷಿಯ ಹೇಳಿಕೆ, ಸಾಕ್ಷಿಯದಲ್ಲ. ನ್ಯಾಯಾಲಯದಲ್ಲಿ ‘ನಾನು ಹಾಗೆ ಹೇಳಲಿಲ್ಲ’ ಎಂದು ಸಾಕ್ಷಿ ತಿರುಗಿಬಿದ್ದರೆ ತೋರಿಸಲು ಏನೂ ಇರುವುದಿಲ್ಲ.

ತಲೆಯಾಡಿಸುವುದಂತೂ ಅಪಾಯದ ತಾಣ. ಕಥೆ ಕೇಳುವವರು ಹೂಂಗುಟ್ಟುವ ಹಾಗೆ, ಸಂಜ್ಞೆ ನೋಡುವವರು ತಲೆಯಾಡಿಸುತ್ತಾರೆ. ‘ನೋಡುತ್ತಿದ್ದೇನೆ, ಮುಂದುವರಿಸಿ’ ಎಂದಷ್ಟೇ ಅದರ ಅರ್ಥ. ‘ನೀನು ಅವನ ಕೋಣೆಗೆ ಹೋದೆ, ಜಗಳವಾಯಿತು, ನೀನು ಹೊಡೆದೆ’ ಎಂದು ಅಧಿಕಾರಿ ಹೇಳುತ್ತಾ ಹೋದಂತೆ ಶಂಕಿತ ತಲೆಯಾಡಿಸುತ್ತಿದ್ದರೆ, ಅದು ತಪ್ಪೊಪ್ಪಿಗೆಯಲ್ಲ. ಹೌದು-ಅಲ್ಲದ ಪ್ರಶ್ನೆ ಬಿಟ್ಟು, ‘ಆಮೇಲೆ ಏನಾಯಿತು, ನೀವೇ ಹೇಳಿ’ ಎಂದು ಬಿಡುವುದೊಂದೇ ದಾರಿ. ಹಾಗೆಯೇ ಹುಬ್ಬು ಗಂಟಿಕ್ಕುವುದು, ಕೆನ್ನೆ ಉಬ್ಬಿಸುವುದು ಸಿಟ್ಟಲ್ಲ, ವ್ಯಾಕರಣ. ಅಮೆರಿಕದ ಸಂಜ್ಞೆಯಲ್ಲಿ ಹುಬ್ಬೇರಿದರೆ ಹೌದು-ಅಲ್ಲದ ಪ್ರಶ್ನೆ, ಹುಬ್ಬಿಳಿದರೆ ಯಾರು-ಏಕೆ-ಎಲ್ಲಿ ಎಂಬ ಪ್ರಶ್ನೆ.

ಹಕ್ಕು ತಿಳಿಸುವಾಗಿನ ‘ಮೌನವಾಗಿರುವ ಹಕ್ಕು’ ಎಂಬ ಮಾತನ್ನು ಪದಕ್ಕೆ ಪದ ಸಂಜ್ಞೆ ಮಾಡಿದರೆ ‘ನೀನು ಮಾತಾಡಬೇಡ’ ಎಂದಾಗಬಹುದು. ಮೊದಲೇ ಬಾಯಲ್ಲಿ ಮಾತಾಡದವನಿಗೆ ಅದರಿಂದ ಏನು ತಿಳಿದೀತು? ‘ಪೊಲೀಸರು ಪ್ರಶ್ನೆ ಕೇಳುತ್ತಾರೆ. ನೀನು ಉತ್ತರ ಕೊಡಬಹುದು, ಕೊಡದೆಯೂ ಇರಬಹುದು. ಕೊಡದಿದ್ದರೆ ಅದಕ್ಕಾಗಿ ಶಿಕ್ಷೆಯಿಲ್ಲ’ ಎಂದು ಬಿಡಿಸಿ ಹೇಳಿ, ‘ಈಗ ನಾನೇನು ಹೇಳಿದೆ, ನಿನ್ನ ಮಾತಲ್ಲಿ ಹೇಳು’ ಎಂದು ಕೇಳಿ, ಆ ಉತ್ತರವನ್ನು ಚಿತ್ರೀಕರಿಸಬೇಕು. ಕೋಳವನ್ನು ಬೆನ್ನ ಹಿಂದೆ ತೊಡಿಸಿ ವಿಚಾರಣೆ ನಡೆಸುವುದು ಬಾಯಿಗೆ ಬಟ್ಟೆ ತುರುಕಿ ಪ್ರಶ್ನೆ ಕೇಳಿದಂತೆ.

ಕಾಗದದಲ್ಲಿ ಬರೆದು ಕೇಳಿದರೆ ಆಗದೇ ಎನ್ನುವವರಿದ್ದಾರೆ. ಸಂಜ್ಞೆಯನ್ನೇ ತಾಯ್ನುಡಿಯಾಗಿ ಬೆಳೆದವರಿಗೆ ಬರಹದ ಭಾಷೆ ಎರಡನೆಯದು. ಕೆಲವರು ಸೊಗಸಾಗಿ ಬರೆಯುತ್ತಾರೆ, ಕೆಲವರಿಗೆ ಕಾಲಸೂಚಕಗಳೇ ಅದಲುಬದಲು. ‘ನಾನು ಹೋಗುವ, ಅವನು ಸತ್ತ’ ಎಂದು ಬರೆದರೆ ಯಾವುದು ಮೊದಲು? ಹೆಸರು, ಸಮಯ, ಕೋಣೆ ಸಂಖ್ಯೆಗಷ್ಟೇ ಕಾಗದ ಸಾಕು. ತುಟಿ ಓದುವುದನ್ನು ನಂಬುವುದಂತೂ ಇನ್ನೂ ಕಷ್ಟ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ. ಕನ್ನಡಿಯ ಮುಂದೆ ಸದ್ದಿಲ್ಲದೆ ‘ಬಡಿದ’, ‘ಮಡಿದ’ ಎಂದು ಹೇಳಿ ನೋಡಿ. ಕೊಲೆಯ ಕಡತದಲ್ಲಿ ಆ ಎರಡು ಪದಗಳ ನಡುವೆ ಎಷ್ಟು ದೂರವಿದೆ! ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2004ರಲ್ಲಿ ತುಟಿ ಓದಿದ ಸಾಕ್ಷ್ಯವನ್ನು ಒಪ್ಪಬಹುದು ಎಂದಿತು, ಆದರೆ ಅದು ತಪ್ಪಾಗುವ ಅಪಾಯವನ್ನು ಜ್ಯೂರಿಗೆ ಎಚ್ಚರಿಸಿ ಹೇಳಬೇಕು ಎಂಬ ಷರತ್ತಿನೊಂದಿಗೆ.

ಕೈಯಿಂದ ಸೋರುವ ಗುಟ್ಟು

ಕೊಲೆಗಾರನಿಗೆ ಮಾತ್ರ ಗೊತ್ತಿರುವ ಒಂದೆರಡು ವಿವರಗಳನ್ನು ಪೊಲೀಸರು ಬಚ್ಚಿಟ್ಟುಕೊಳ್ಳುತ್ತಾರೆ: ಗಾಯ ಎಲ್ಲಿ, ಆಯುಧ ಯಾವುದು. ಮಾತಿನಲ್ಲಿ ಬಚ್ಚಿಡುವುದು ಸುಲಭ, ‘ಅವನಿಗೆ ಗಾಯವಾಗಿದೆ’ ಎಂದರೆ ಸಾಕು. ಸಂಜ್ಞೆಯಲ್ಲಿ ಅಷ್ಟು ಸುಲಭವಲ್ಲ. ಅಮೆರಿಕದ ಸಂಜ್ಞೆಯಲ್ಲಿ ‘ನೋವು’ ಎಂಬುದನ್ನು ನೋವಿರುವ ಜಾಗದ ಹತ್ತಿರವೇ ತೋರಿಸುತ್ತಾರೆ. ಹೊಡೆಯುವುದು, ಇರಿಯುವುದು ಇವುಗಳಿಗೆ ಕೈಯ ಆಕಾರವೇ ಆಯುಧದ ಹಿಡಿತವನ್ನು ಹೇಳುತ್ತದೆ, ಚಲನೆ ದಿಕ್ಕನ್ನು ಹೇಳುತ್ತದೆ. ದುಭಾಷಿಗೆ ‘ಕುತ್ತಿಗೆಗೆ ಇರಿದಿದ್ದಾರೆ’ ಎಂದು ಮೊದಲೇ ಗೊತ್ತಿದ್ದರೆ, ಅಧಿಕಾರಿ ‘ಗಾಯ’ ಎಂದದ್ದು ಅರಿವಿಲ್ಲದೆ ಕುತ್ತಿಗೆಯ ಬಳಿ ಸಂಜ್ಞೆಯಾಗುತ್ತದೆ. ಗುಟ್ಟು ಅಲ್ಲಿಗೆ ಮುಗಿಯಿತು, ಮುಂದೆ ಶಂಕಿತ ಕುತ್ತಿಗೆ ತೋರಿಸಿದರೂ ಬೆಲೆಯಿಲ್ಲ. ಆದ್ದರಿಂದ ದುಭಾಷಿಗೆ ಹೆಸರು, ಸ್ಥಳ, ಕಟ್ಟಡಗಳ ಪಟ್ಟಿ ಮುಂಚೆ ಕೊಡಬೇಕು, ಗಾಯ ಮತ್ತು ಆಯುಧದ ವಿವರ ಕೊಡಕೂಡದು.

ಇದೇ ಗುಣ ತಿರುಗಿ ತನಿಖೆಗೆ ನೆರವಾಗುವುದೂ ಉಂಟು. ಯಾರೂ ಆಯುಧ ಹೆಸರಿಸದಿರುವಾಗ ಶಂಕಿತನ ಮುಷ್ಟಿ ಒಂದು ಹಿಡಿಕೆಯನ್ನು ಹಿಡಿದ ಆಕಾರಕ್ಕೆ ಬಂದು ಮೇಲಿನಿಂದ ಎಡಗಡೆಗೆ ಇಳಿದರೆ, ಅದನ್ನು ಶವಪರೀಕ್ಷೆಯ ವರದಿಯ ಜೊತೆ ಇಟ್ಟು ನೋಡಬೇಕು. ದುಭಾಷಿ ಧ್ವನಿಯಲ್ಲಿ ಬರೀ ‘ಹೊಡೆದ’ ಎಂದಿರುತ್ತಾರೆ. ಕೈ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಆ ಒಂದು ಪದದಲ್ಲಿ ಉಳಿದಿರುವುದಿಲ್ಲ. ವಿಡಿಯೊ ಬೇಕೆಂದು ಹಟ ಹಿಡಿಯುವುದು ಇದಕ್ಕೇ.

ಎಡ-ಬಲದ ಗೊಂದಲವೂ ಇಲ್ಲೇ. ಸಂಜ್ಞೆ ಮಾಡುವವರು ಒಬ್ಬನನ್ನು ತಮ್ಮ ಬಲಕ್ಕೆ, ಇನ್ನೊಬ್ಬನನ್ನು ಎಡಕ್ಕೆ ‘ನಿಲ್ಲಿಸಿ’, ಕ್ರಿಯಾಪದವನ್ನು ಒಬ್ಬನಿಂದ ಇನ್ನೊಬ್ಬನ ಕಡೆಗೆ ಸಾಗಿಸುತ್ತಾರೆ. ಯಾರು ಯಾರಿಗೆ ಹೊಡೆದರು ಎಂಬುದು ಕೈ ಸಾಗಿದ ದಿಕ್ಕಿನಲ್ಲಿದೆ. ನೋಡುವವರ ಬಲ ಅದಕ್ಕೆ ವಿರುದ್ಧ. ಫೋನಿನ ಮುಂಬದಿ ಕ್ಯಾಮೆರಾದಲ್ಲಿ ತೆಗೆದ ವಿಡಿಯೊ ಕೆಲವೊಮ್ಮೆ ಕನ್ನಡಿಯಂತೆ ತಿರುಗಿಯೇ ಉಳಿದಿರುತ್ತದೆ. ಹಿನ್ನೆಲೆಯಲ್ಲಿ ಬರಹವೇನಾದರೂ ಇದ್ದರೆ ಅಕ್ಷರ ನೆಟ್ಟಗಿದೆಯೇ ಎಂದು ನೋಡುವವರೆಗೆ ಎಡ-ಬಲದ ಮೇಲೆ ಏನನ್ನೂ ಕಟ್ಟಬಾರದು. ಇನ್ನು ಸಂಜ್ಞೆ ಹೆಸರುಗಳು. ಕೆನ್ನೆಯ ಮಚ್ಚೆ, ಗುಂಗುರು ಕೂದಲು ಎಂದು ಗೆಳೆಯರು ಇಟ್ಟ ಹೆಸರಿನಲ್ಲೇ ಸಾಕ್ಷಿಗಳು ಎಲ್ಲರನ್ನೂ ಕರೆಯುತ್ತಾರೆ. ಒಂದೇ ಸಂಜ್ಞೆ ಹೆಸರಿನವರು ಕ್ಯಾಂಪಸ್ಸಿನಲ್ಲಿ ಇಬ್ಬರಿರಬಹುದು. ಪ್ರತಿ ಹೆಸರನ್ನೂ ಚಿತ್ರೀಕರಿಸಿ, ಕಾಗದದ ಹೆಸರಿನ ಜೊತೆ ಜೋಡಿಸಿದ ಪಟ್ಟಿ ಮೊದಲ ವಾರದಲ್ಲೇ ತಯಾರಾಗಬೇಕು.

ಕ್ಯಾಮೆರಾ, ಫೋನು

ಧ್ವನಿಯಿಲ್ಲದ ಸಿಸಿಟಿವಿಯಲ್ಲಿ ಕೇಳುವವರ ಸಂಭಾಷಣೆ ಸತ್ತುಹೋಗಿರುತ್ತದೆ. ಕಿವುಡರದು ಉಳಿದಿರುತ್ತದೆ. ಓಣಿಯ ಕೊನೆಯಲ್ಲಿ ಇಬ್ಬರು ನಿಂತು ಮಾತಾಡಿದ್ದು ಮೂವತ್ತು ಅಡಿ ದೂರದ ಕ್ಯಾಮೆರಾದಲ್ಲಿ ಓದುವಂತಿರಬಹುದು. ಆದರೆ ಲೆಕ್ಕ ಹಾಕಿ ನಂಬಬೇಕು. ಬೆರಳಲ್ಲಿ ಅಕ್ಷರ ಬಿಡಿಸುವವರು ಸೆಕೆಂಡಿಗೆ ಐದಾರು ಅಕ್ಷರ ಬಿಡಿಸುತ್ತಾರೆ. ಜಾಗ ಉಳಿಸಲೆಂದು ಸೆಕೆಂಡಿಗೆ 5 ಚಿತ್ರಕ್ಕೆ ಇಳಿಸಿದ ಕ್ಯಾಮೆರಾದಲ್ಲಿ ಹೆಸರಿನ ಒಂದೆರಡು ಅಕ್ಷರ ಹೇಗೂ ಬಿಟ್ಟುಹೋಗುತ್ತವೆ. 25 ಇದ್ದರೆ ಸಾಮಾನ್ಯವಾಗಿ ಸಾಕು. ರಾತ್ರಿಯಲ್ಲಿ ಕ್ಯಾಮೆರಾದ ಕಣ್ಣು ಹೆಚ್ಚು ಹೊತ್ತು ತೆರೆದಿರುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದ ಕೈ 1/25 ಸೆಕೆಂಡಿನಲ್ಲಿ 4 ಸೆಂಟಿಮೀಟರ್ ಸಾಗಿ ಮಸುಕಾಗುತ್ತದೆ, ಬೆರಳು ಯಾವುದು ಎಂದೇ ತಿಳಿಯದು. ಓದಲು ಇಬ್ಬರು ಕಿವುಡ ತಜ್ಞರು ಬೇಕು, ಬೇರೆ ಬೇರೆ ಕೂತು, ಪ್ರಕರಣದ ಕಥೆ ಗೊತ್ತಿಲ್ಲದೆ ಓದಬೇಕು. ‘ಇಲ್ಲಿ ಬೆದರಿಕೆ ಹಾಕುತ್ತಿದ್ದಾನೆ, ನೋಡಿ’ ಎಂದು ತೋರಿಸಿಬಿಟ್ಟರೆ ಮಸುಕಿನಲ್ಲೂ ಬೆದರಿಕೆಯೇ ಕಾಣುತ್ತದೆ. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ಬರೆದುಕೊಳ್ಳುವ ಯಂತ್ರವಾದ್ದರಿಂದ ಇಡೀ ಕ್ಯಾಂಪಸ್ಸಿನ ಪ್ರತಿಯನ್ನು ಮೊದಲ ದಿನವೇ ಪಡೆಯಬೇಕು. ದ್ವಾರದ್ದು ಮಾತ್ರ ಸಾಲದು.

ಕಿವುಡರ ಫೋನ್ ಕರೆ ಹಲವು ಕಡೆ ರಿಲೇ ಕೇಂದ್ರದ ಮೂಲಕ ಹೋಗುತ್ತದೆ. ನಡುವೆ ದುಭಾಷಿ ಕೂತು ವಿಡಿಯೊದ ಸಂಜ್ಞೆಯನ್ನು ಧ್ವನಿಗೆ ತಿರುಗಿಸುತ್ತಾರೆ. ಅಮೆರಿಕದ ನಿಯಮದಂತೆ ಸಂಭಾಷಣೆಯಲ್ಲಿ ಏನಿತ್ತು ಎಂಬುದನ್ನು ಕರೆ ಮುಗಿದ ಮೇಲೆ ಉಳಿಸುವಂತಿಲ್ಲ, ಹೊರಗೆ ಹೇಳುವಂತೆಯೂ ಇಲ್ಲ. ಹಾಗಾಗಿ ಅಲ್ಲಿ ಹುಡುಕಬೇಕಾದ್ದು ಸಮಯ, ಅವಧಿ, ಸಂಖ್ಯೆ. ಟೆಲಿಫೋನ್ ಕಂಪನಿಯ ಪಟ್ಟಿಯಲ್ಲಿ ರಿಲೇಯ ಸಂಖ್ಯೆಯಷ್ಟೇ ಕಂಡು, ‘ಇವನು ಯಾವುದೋ ಕಾಲ್‌ಸೆಂಟರಿಗೆ ದಿನಾ ಕರೆ ಮಾಡುತ್ತಿದ್ದ’ ಎಂದು ಬಿಟ್ಟುಬಿಟ್ಟರೆ ಕೊನೆಯ ಕರೆ ಯಾರಿಗೆ ಹೋಯಿತೆಂಬುದೇ ತಪ್ಪಿಹೋಗುತ್ತದೆ.

ಸಂದೇಶಗಳಲ್ಲಿ ಗಮನಿಸಬೇಕಾದ್ದು ಅಭ್ಯಾಸ ಮುರಿದ ಜಾಗ. ಗೆಳೆಯರಿಗೆ ಸದಾ ವಿಡಿಯೊದಲ್ಲೇ ಹೇಳುವವನು ಒಂದು ರಾತ್ರಿಯ ನಂತರ ಬರೀ ಅಕ್ಷರದಲ್ಲಿ ‘ಊರಿಗೆ ಹೋಗುತ್ತಿದ್ದೇನೆ’ ಎಂದು ಕಳಿಸಿದ್ದರೆ ಅಲ್ಲಿ ನಿಲ್ಲಬೇಕು. ಇನ್ನೊಬ್ಬರ ಫೋನಿನಲ್ಲಿ ಅಕ್ಷರ ಕುಟ್ಟಬಹುದು, ಅವರ ಕೈ-ಮುಖವನ್ನು ತರಲಾಗದು. ಹಿಂದಿನ ಕೆಲವು ತಿಂಗಳ ಸಂದೇಶ ತೆಗೆದು ವಾಕ್ಯದ ಜೋಡಣೆ, ಪದೇ ಪದೇ ಬರುವ ತಪ್ಪು, ವಿರಾಮಚಿಹ್ನೆ ಹೋಲಿಸಿ. ಸದ್ದಿಗೆ ಸಂಬಂಧಿಸಿದ ನುಡಿಗಟ್ಟು ಹೊಸದಾಗಿ ಕಾಣಿಸಿಕೊಂಡರೆ ಗುರುತು ಹಾಕಿಟ್ಟುಕೊಳ್ಳಿ. ಅದೊಂದೇ ಸಾಕ್ಷ್ಯವೆಂದಲ್ಲ.

ಗಾಲಡೆಟ್, 2000–2002

ವಾಷಿಂಗ್ಟನ್ನಿನ ಗಾಲಡೆಟ್ ವಿಶ್ವವಿದ್ಯಾಲಯ 1864ರಿಂದ ಕಿವುಡರಿಗಾಗಿಯೇ ನಡೆಯುತ್ತಿರುವ ಉನ್ನತ ಶಿಕ್ಷಣ ಸಂಸ್ಥೆ. ಅಲ್ಲಿನ ಒಂದೇ ಹಾಸ್ಟೆಲಿನಲ್ಲಿ, 2000ದ ಸೆಪ್ಟೆಂಬರಿನಲ್ಲಿ ಒಬ್ಬ, 2001ರ ಫೆಬ್ರುವರಿಯಲ್ಲಿ ಇನ್ನೊಬ್ಬ, ಹೀಗೆ ಇಬ್ಬರು ಮೊದಲ ವರ್ಷದ ವಿದ್ಯಾರ್ಥಿಗಳು ತಮ್ಮ ಕೋಣೆಗಳಲ್ಲೇ ಕೊಲೆಯಾದರು. ಇಬ್ಬರಿಗೂ 19 ವರ್ಷ. ಮೊದಲ ಕೊಲೆಯಾದ ಕೆಲವೇ ದಿನಗಳಲ್ಲಿ ಪೊಲೀಸರು ಸಹಪಾಠಿಯೊಬ್ಬನನ್ನು ಬಂಧಿಸಿದರು. ಸಾಕ್ಷ್ಯ ಸಾಲದೆಂದು ಸರ್ಕಾರಿ ವಕೀಲರು ಒಪ್ಪದೆ ಮರುದಿನವೇ ಬಿಡಬೇಕಾಯಿತು. ಆ ಹುಡುಗ ನಿರಪರಾಧಿ. ನಿಜವಾದ ಕೊಲೆಗಾರ ಅದೇ ಹಾಸ್ಟೆಲಿನಲ್ಲಿ ಇನ್ನೂ ನಾಲ್ಕು ತಿಂಗಳು ಎಲ್ಲರ ನಡುವೆ ಓಡಾಡಿಕೊಂಡಿದ್ದ.

ಕೊನೆಗೆ ಅವನತ್ತ ಬೆರಳು ಮಾಡಿದ್ದು ಒಂದು ಚೆಕ್. ಎರಡನೆಯ ಹುಡುಗನ ಚೆಕ್ ಪುಸ್ತಕದಿಂದ 650 ಡಾಲರನ್ನು ಅವನು ತನ್ನ ಹೆಸರಿಗೇ ಬರೆದುಕೊಂಡಿದ್ದ. ಚೆಕ್ಕಿಗೆ ದುಭಾಷಿ ಬೇಡ. ಭಾಷೆಯ ತೊಡಕಿರುವ ಪ್ರಕರಣದಲ್ಲಿ ಹಣದ ಜಾಡು, ಬಾಗಿಲಿನ ಕಾರ್ಡ್ ದಾಖಲೆ, ಬಟ್ಟೆಯ ಮೇಲಿನ ರಕ್ತ ಇವನ್ನು ಹೇಳಿಕೆಗಳಿಗಿಂತ ಮೊದಲು ಮುಗಿಸಬೇಕು ಎನ್ನುವುದು ಇದಕ್ಕೇ. ಯಾರ ಜೊತೆ ಯಾರಿಗೆ ಜಗಳವಿತ್ತು ಎಂಬ ಸುದ್ದಿ ಮೊದಲ ದಿನ ಧಾರಾಳವಾಗಿ ಸಿಗುತ್ತದೆ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಸಣ್ಣ ಸಮುದಾಯದಲ್ಲಂತೂ ಇನ್ನೂ ಹೆಚ್ಚು. ಸುಲಭವಾಗಿ ಸಿಕ್ಕದ್ದರ ಕಡೆಗೇ ತನಿಖೆ ವಾಲುತ್ತದೆ.

2002ರ ಮೇನಲ್ಲಿ ನಡೆದ ವಿಚಾರಣೆಯಲ್ಲಿ ಆರೋಪಿಯ ಕಡೆಯವರು ಮತಿಭ್ರಮಣೆಯ ವಾದ ಹೂಡಿದರು. ಕೇಳುವವರಲ್ಲಿ ಇಂಥ ವಾದಕ್ಕೆ ‘ಯಾರದೋ ಧ್ವನಿ ಹೇಳಿತು’ ಎಂಬುದು ಮಾಮೂಲು. ಇಲ್ಲಿ ಆರೋಪಿ ಹೇಳಿದ್ದು, ಕಪ್ಪು ಕೈಗವಸಿನ ಕೈಗಳು ತನಗೆ ಸಂಜ್ಞೆಯಲ್ಲಿ ಆಜ್ಞೆ ಮಾಡಿದವು ಎಂದು. ಜ್ಯೂರಿ ನಂಬಲಿಲ್ಲ. ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆಯಾಯಿತು.

ಮನೆಯವರಿಗೆ ಸುದ್ದಿ ಮುಟ್ಟಿಸುವ ಕೆಲಸ ಎಲ್ಲಕ್ಕಿಂತ ಮೊದಲಿನದು, ಬರೆಯುವಾಗ ಕೊನೆಗೆ ಬಂತು. ಕಿವುಡ ಮಕ್ಕಳಲ್ಲಿ ಶೇ 90ಕ್ಕಿಂತ ಹೆಚ್ಚಿನವರ ತಂದೆತಾಯಿ ಕೇಳುವವರು, ಅವರಲ್ಲಿ ಎಷ್ಟೋ ಮಂದಿಗೆ ಮಗುವಿನ ಸಂಜ್ಞೆ ಪೂರ್ತಿ ಬರುವುದಿಲ್ಲ. ‘ಅವನಿಗೆ ಶತ್ರುಗಳೇ ಇರಲಿಲ್ಲ’ ಎಂದು ಅಮ್ಮ ಹೇಳಿದ್ದನ್ನು ಗೌರವದಿಂದ ಬರೆದುಕೊಂಡು, ಅದೇ ಪ್ರಶ್ನೆಯನ್ನು ರೂಮ್‌ಮೇಟಿಗೆ ಮತ್ತೆ ಕೇಳಬೇಕು. ತಂದೆತಾಯಿಯೂ ಕಿವುಡರಾದರೆ ದುಭಾಷಿಯೊಡನೆ ಖುದ್ದಾಗಿ ಮನೆಗೆ ಹೋಗಬೇಕು. ಬಾಗಿಲು ತೆಗೆದ, ಕಿವಿ ಕೇಳುವ ಹತ್ತು ವರ್ಷದ ತಂಗಿಗೆ ‘ಅಪ್ಪ-ಅಮ್ಮನಿಗೆ ಹೇಳಮ್ಮ’ ಎನ್ನಬಾರದು.